ನೇವಾ ಅತ್ತೆಯ ನೆಟ್ಟಗಿನ ಚೌಕಗಳು

ಆರ್ಡಿತ್‌ಳ ಬಟ್ಟೆ ಅಂಗಡಿಯಲ್ಲಿ, ಬಾಗಿಲು ದಾಟಿದ ಕೂಡಲೇ ಎಡಕ್ಕೆ, ಗಂಡಂದಿರ ಬೆಂಚು ಅಂತ ಒಂದಿದೆ. ಹೆಂಡತಿಯರನ್ನು ಕಾರಿನಲ್ಲಿ ಕರೆತಂದ ಗಂಡಸರು ಅಲ್ಲಿ ಕೂತು ಕಾಫಿ ಕುಡಿಯಬಹುದು, ತೂಕಡಿಸಬಹುದು, ಜೋಳಕ್ಕೆ ಮಳೆ ಸಾಕೋ ಸಾಲದೋ ಎಂದು ಜಗಳವಾಡಬಹುದು. ಬಟ್ಟೆಯ ಬಗ್ಗೆ ಮಾತ್ರ ಬಾಯಿ ತೆರೆಯುವಂತಿಲ್ಲ. ಹಾಗಂತ ಯಾರೂ ಬರೆದು ಅಂಟಿಸಿಲ್ಲ, ಆದರೆ ನೆಬ್ರಾಸ್ಕಾದ ನಮ್ಮ ಎಲ್ಮ್ ಫೋರ್ಡ್ ಊರಿನಲ್ಲಿ ಬರೆಯದ ಕಾನೂನುಗಳನ್ನೇ ಜನ ಹೆಚ್ಚು ಪಾಲಿಸುತ್ತಾರೆ. ಈ ಸುತ್ತಿನ ಹೊಲದ ಮನೆಗಳಿಗೆಲ್ಲ ಟಪಾಲು ಹಂಚಿ ನಿವೃತ್ತನಾದ ಮೇಲೆ ನಾನು ಆ ಬೆಂಚಿನ ಕಾಯಂ ಗಿರಾಕಿ. ಪಕ್ಕದಲ್ಲಿ ಆರ್ಡಿತ್‌ಳ ಗಂಡ ಮರ್ಲ್ ಇರುತ್ತಾನೆ. ಅವನು ಬಡಗಿ, ಮಾತು ಕಡಿಮೆ.

ಆ ವರ್ಷ ಆರ್ಡಿತ್ ಹೊಸ ಕೌದಿಯೊಂದನ್ನು ಶುರುಮಾಡಿದಳು. ಅದಕ್ಕೆ ‘ಬಂಡಿಯಲ್ಲಿ ಬಂದ ಹೆಂಗಸರು’ ಎಂದು ಹೆಸರಿಟ್ಟಳು. ಒಬ್ಬೊಬ್ಬಳೂ ತನ್ನದೇ ಒಂದು ಹೊಲಿಯಬೇಕು, ತಿಂಗಳಿಗೊಂದು ಚೌಕದ ಲೆಕ್ಕ, ವರ್ಷಕ್ಕೆ ಹನ್ನೆರಡು. ಪ್ರತಿ ತಿಂಗಳ ಮೊದಲ ಶನಿವಾರ ಹೆಂಗಸರೆಲ್ಲ ದೊಡ್ಡ ಮೇಜಿನ ಸುತ್ತ ಸೇರುತ್ತಾರೆ. ನಮ್ಮ ಕಡೆ ಮೊದಲು ಬಂದು ನೆಲೆಸಿದ ಒಬ್ಬ ಹೆಂಗಸಿನ ಕಥೆಯನ್ನು ಆರ್ಡಿತ್ ಹೇಳುತ್ತಾಳೆ, ಅವಳ ಹೆಸರಿನ ಚೌಕಕ್ಕೆ ಬೇಕಾದ ಬಟ್ಟೆಯ ಪೊಟ್ಟಣ ಹಂಚುತ್ತಾಳೆ. ಮನೆಯಲ್ಲಿ ಹೊಲಿದು ಮುಂದಿನ ತಿಂಗಳು ತಂದು ತೋರಿಸಬೇಕು. ತೋರಿಸಿದ ಚೌಕವನ್ನು ಒಂದು ತಿಂಗಳು ಅಂಗಡಿಯ ಗೋಡೆಗೆ ಚುಚ್ಚಿಡುತ್ತಾರೆ, ಹೋಗಿ ಬರುವವರು ನೋಡಲಿ ಎಂದು. ಇಳಿಸುವಾಗ ಮರ್ಲ್ ಮಾಡಿಕೊಟ್ಟ ಮರದ ಚೌಕಟ್ಟಿನೊಳಗೆ ಕೂರಿಸಿ ನೋಡುತ್ತಾರೆ. ಒಳಗಡೆ ಸರಿಯಾಗಿ ಹನ್ನೆರಡೂವರೆ ಇಂಚು. ಕೂತರೆ ಸರಿ, ಕೂರದಿದ್ದರೆ ಅದು ಪಕ್ಕದ ಚೌಕದ ಜೊತೆ ಸೇರುವುದಿಲ್ಲ, ಕೌದಿ ಸುಕ್ಕುಗಟ್ಟುತ್ತದೆ.

ಆರ್ಡಿತ್‌ಳ ಕಥೆಗಳಲ್ಲಿ ಗಂಡಸರು ಬೇಗ ಸಾಯುತ್ತಾರೆ. ಜನವರಿಯವನು ಕಾಲರಾದಿಂದ, ಫೆಬ್ರವರಿಯವನು ಸಿಡಿಲು ಬಡಿದು, ಮಾರ್ಚಿನವನು ತಾನೇ ತೋಡಿದ ಬಾವಿಗೆ ಬಿದ್ದು. ಆಮೇಲೆ ಹೆಂಗಸು ಒಂಟಿಯಾಗಿ ನೆಲ ಉತ್ತು, ಮಕ್ಕಳನ್ನು ಸಾಕಿ, ಹಿಮಗಾಳಿಯಲ್ಲಿ ಹಸು ಹುಡುಕಿಕೊಂಡು ಹೋಗುತ್ತಾಳೆ. “ಒಬ್ಬನಾದ್ರೂ ಬದುಕಿ ಉಳಿದಿದಾನಾ?” ಎಂದು ನಾನು ಬೆಂಚಿನಿಂದ ಕೇಳಿದ್ದೆ. “ಉಳಿದೋರು ಬೆಂಚ್ ಮೇಲೆ ಕೂತಿದಾರಲ್ಲ,” ಅಂದಳು ಆರ್ಡಿತ್. ಬಂಡಿಗಳು ಬರುವ ಮೊದಲು ಈ ನೆಲದಲ್ಲಿ ಜೋಳ ಬೆಳೆಯುತ್ತಿದ್ದ ಪಾನೀ ಬುಡಕಟ್ಟಿನ ಹೆಂಗಸರಿಗೆ ಒಂದು ಚೌಕವೂ ಇಲ್ಲವಾ ಅಂತಲೂ ಇನ್ನೊಮ್ಮೆ ಕೇಳಿದೆ. ಅದಕ್ಕೆ ಯಾರೂ ನಗಲಿಲ್ಲ, ಆರ್ಡಿತ್ ಪೊಟ್ಟಣ ಹಂಚತೊಡಗಿದಳು.

ಮೇಜಿನ ತಲೆಗೆ ಕೂರುತ್ತಿದ್ದವರು ನೇವಾ ಲಿಂಡ್‌ಗ್ರೆನ್. ಎಂಬತ್ತು ದಾಟಿತ್ತು. ಯಾರಿಗೂ ನೆಂಟರಲ್ಲದಿದ್ದರೂ ಊರಿಗೆಲ್ಲ ನೇವಾ ಅತ್ತೆ. ಅಲ್ಲಿ ಕೂತ ಪ್ರತಿಯೊಬ್ಬಳಿಗೂ ಸೂಜಿ ಹಿಡಿಯುವುದನ್ನು ಕಲಿಸಿದವರು ಅವರೇ, ನನ್ನ ಹೆಂಡತಿ ಟ್ವೈಲಾಗೂ. ಬಾಯಿ ಕತ್ತರಿಗಿಂತ ಹರಿತ. ಗಂಡ ತೀರಿಕೊಂಡ ಮೇಲೆ ಊರ ದಕ್ಷಿಣಕ್ಕಿರುವ ಹೊಲದ ಮನೆಯಲ್ಲಿ ಒಬ್ಬರೇ ಇದ್ದರು, ಹಸಿರು ಪಿಕಪ್ ಓಡಿಸಿಕೊಂಡು ತಾವೇ ಬರುತ್ತಿದ್ದರು. ಆ ಹೊಲ ಅವರ ಅಜ್ಜಿ ಹುಲ್ಡಾ ಸಂಪಾದಿಸಿದ್ದು. ಆರ್ಡಿತ್‌ಳ ಪಟ್ಟಿಯಲ್ಲಿ ಆಗಸ್ಟ್ ತಿಂಗಳು ಹುಲ್ಡಾಳದು. ಹುಲ್ಡಾಳ ನೀಲಿ ಲಂಗದ ಒಂದು ತುಂಡನ್ನು ಅತ್ತೆ ಅಷ್ಟು ವರ್ಷ ಬೀರುವಿನಲ್ಲಿ ಕಾಪಾಡಿಕೊಂಡು ಬಂದಿದ್ದರು. ಅದನ್ನು ಆ ಚೌಕದಲ್ಲಿ ಸೇರಿಸಿ ಹೊಲಿಯಬೇಕೆಂಬುದು ಅವರ ಆಸೆ.

“ಉಳಿದ ಹನ್ನೊಂದು ನೆಂಟರಿದ್ದ ಹಾಗೆ, ಬರ್ಲಿ, ಹೋಗ್ಲಿ,” ಎಂದು ಜನವರಿಯಲ್ಲೇ ಹೇಳಿದ್ದರು. “ಹುಲ್ಡಾ ಮಾತ್ರ ನಂದು. ಅದಕ್ಕೆ ಯಾರೂ ಕೈ ಹಾಕೋ ಹಾಗಿಲ್ಲ.”

ಏಪ್ರಿಲ್ ತಿಂಗಳ ಶನಿವಾರ ಅತ್ತೆ ತಮ್ಮ ಚೌಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಬಟ್ಟೆಯ ವಿಷಯದಲ್ಲಿ ನಾನು ಹೆಡ್ಡ, ಆದರೂ ನನಗೂ ಕಂಡಿತು. ನಡುವಿನ ಹೊಲಿಗೆ ಎತ್ತು ನಡೆಯುತ್ತ ಉಚ್ಚೆ ಹೊಯ್ದ ಹಾಗೆ ಸಾಗಿತ್ತು. ತ್ರಿಕೋನಗಳ ಮೂತಿಗಳು ಅಂಚಿನೊಳಗೆ ಸೇರಿ ಕತ್ತರಿಸಿಹೋಗಿದ್ದವು. ಒಂದು ಬದಿ ಇನ್ನೊಂದಕ್ಕಿಂತ ಗಿಡ್ಡ.

“ಹೇಗಿದೆ?” ಅಂದರು ಅತ್ತೆ.

ಮರ್ಲ್ ಚಾವಣಿ ನೋಡಿದ. ಆರ್ಡಿತ್ ಗೋಡೆಗೆ ಚುಚ್ಚಲು ಪಿನ್ನು ತೆಗೆದುಕೊಂಡಳು. “ಎಂದಿನ ಹಾಗೇ ಅತ್ತೆ. ನಿಮ್ಮ ಕೈ ಅಂದ್ರೆ ಕೈ.”

“ಈ ಸಲ ಹಿಂಸೆ ಆಯ್ತು ಕಣ್ರೇ. ಸ್ಕೇಲನ್ನ ಒಲೆ ಪಕ್ಕ ಇಟ್ಟು ಮರೆತಿದ್ದೆ, ಬಗ್ಗಿಬಿಟ್ಟಿದೆ. ಗೆರೆಯೆಲ್ಲ ಹೊಳೆ ಥರ ತೇಲುತ್ತೆ. ಒಂದು ಹೊಸದು ಕೊಡು ಆರ್ಡಿತ್.”

ಆರ್ಡಿತ್ ಹೊಸ ಸ್ಕೇಲ್ ಕೊಟ್ಟಳು. ಪ್ಲಾಸ್ಟಿಕ್ ಸ್ಕೇಲು ಬಿಸಿಗೆ ಬಗ್ಗುವುದು ಹೊಲಿಯುವವರಿಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಬೇರೆ ಯಾವ ಕೆಲಸದವರಾದರೂ ಗೆರೆ ತೇಲುತ್ತದೆ ಅಂದರೆ ಮರುದಿನವೇ ಕಣ್ಣು ತೋರಿಸಿಕೊಳ್ಳುತ್ತಿದ್ದರೇನೋ.

ಪಿಕಪ್ ಹೊರಟು ಮೂಲೆ ತಿರುಗಿದ್ದೇ ತಡ, ಎಲ್ಲರೂ ಒಟ್ಟಿಗೆ ಮಾತಾಡಿದರು. ಕೊನೆಗೆ ಟ್ವೈಲಾ ಆ ಚೌಕವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದು ಅಡಿಗೆಮನೆಯ ಮೇಜಿನ ಮೇಲೆ ಹರಡಿ, ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಕೂತಳು.

“ಏನಿದು, ಕದ್ದ ಮಾಲಾ?” ಅಂದೆ.

“ಸುಮ್ನಿರು ಎಲ್ಡನ್.”

“ಅತ್ತೆಗೇ ಹೇಳಿದ್ರೆ ಆಗ್ತಿರ್ಲಿಲ್ವಾ?”

“ಏನಂತ ಹೇಳ್ಲಿ? ನಿಮ್ಮ ಕೈ ಕೆಟ್ಟೋಯ್ತು ಅಂತ್ಲಾ? ನಂಗೆ ಕಲಿಸಿದ ಕೈ ಅದು.”

“ಕೆಟ್ಟಿರೋದು ಕೈಯಲ್ಲ, ಕಣ್ಣಿರ್ಬೇಕು.”

“ಆ ವಯಸ್ಸಿಗೆ ಎಲ್ಲಾರ್ದೂ ಒಂದೊಂದು ಹೋಗುತ್ತೆ. ನಿಂದು ಕಿವಿ ಹೋಗಿಲ್ವಾ? ಒಂದು ಮಧ್ಯಾಹ್ನ ಕೂತು ನಾನು ಸರಿ ಮಾಡಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

ನಮ್ಮಪ್ಪನ ಗಂಟು ಏನೂ ಹೋಗುವಂತಿರಲಿಲ್ಲ. ಟ್ವೈಲಾ ದಾರ ಬಿಚ್ಚಿದಳು, ಬಟ್ಟೆಗೆ ಇಸ್ತ್ರಿ ಹಾಕಿದಳು, ಗಿಡ್ಡವಾದ ತುಂಡುಗಳ ಬದಲಿಗೆ ತನ್ನ ಪೊಟ್ಟಣದಲ್ಲಿ ಉಳಿದದ್ದನ್ನು ಕತ್ತರಿಸಿ ಸೇರಿಸಿ ಹೊಲಿದಳು. ಕೆಲಸ ಮಾಡುವಾಗ ಅವಳ ಮುಖ ದೇವರ ಪೂಜೆಗೆ ಕೂತವಳ ಹಾಗಿತ್ತು. ಸೋಮವಾರ ಹೊಸ ಚೌಕ ಗೋಡೆಯ ಮೇಲೆ ಹಳೆಯದರ ಜಾಗದಲ್ಲಿತ್ತು.

ಮೇ ತಿಂಗಳು ಅತ್ತೆ ಅದನ್ನು ಗೋಡೆಯಿಂದ ಇಳಿಸಿ ಮರದ ಚೌಕಟ್ಟಿನೊಳಗೆ ಇಟ್ಟರು. ಎಳೆ ಆಚೀಚೆ ಆಗದೆ ಕೂತಿತು. ಬೆರಳಿನಿಂದ ನಾಲ್ಕೂ ಅಂಚು ಮುಟ್ಟಿ ನೋಡಿದರು.

“ಕಂಡ್ರಾ? ಡೊಂಕು ಸ್ಕೇಲಲ್ಲೂ ನೆಟ್ಟಗೆ ಹೊಲಿದಿದೀನಿ.”

ಎಲ್ಲರೂ ನಕ್ಕರು. ಆರ್ಡಿತ್ ಮಾತ್ರ, ಅವಳಿಗೂ ಒಳಗೊಳಗೇ ಅಳುಕಿತ್ತು ಅಂತ ಕಾಣುತ್ತೆ, “ಒಂದ್ಸಲ ಕರ್ನಿ ಪಟ್ಟಣಕ್ಕೆ ಹೋಗಿ ಕಣ್ಣು ತೋರಿಸ್ಕೊಂಡು ಬನ್ನಿ ಅತ್ತೆ. ವರ್ಷಕ್ಕೊಂದ್ಸಲ ಒಳ್ಳೇದು,” ಅಂದಳು.

“ಯಾಕೆ? ಚೌಕಟ್ಟಲ್ಲಿ ಕೂತಿದ್ದು ನೋಡ್ಲಿಲ್ವಾ ನೀನು? ನಂಗಿಂತ ನಿನ್ನ ಕಣ್ಣೇ ಮಂದ,” ಅಂದರು ಅತ್ತೆ.

ಅವತ್ತು ತಂದ ಚೌಕವೂ ಡೊಂಕಾಗಿತ್ತು. ಟ್ವೈಲಾ ಅದನ್ನೂ ಚೀಲಕ್ಕೆ ಹಾಕಿಕೊಂಡಳು.

ಜೂನ್‌ನಲ್ಲಿ ಹಣ್ಣಿನ ಹೂರಣದ ಕೊಲಾಚ್ ಬನ್ನು ತಿನ್ನುತ್ತ ಅತ್ತೆ ತಮ್ಮ ಹರೆಯದ ಕಥೆಯೊಂದನ್ನು ಹೇಳಿದರು. ಆಗ ಚರ್ಚಿನ ಹೆಂಗಸರೆಲ್ಲ ಗುರುವಾರ ಸೇರಿ ದೊಡ್ಡ ಮರದ ಚೌಕಟ್ಟಿಗೆ ಕೌದಿ ಬಿಗಿದು ಸುತ್ತ ಕೂತು ಹೊಲಿಯುತ್ತಿದ್ದರಂತೆ. ಹ್ರುಷ್ಕಾ ಅಂತ ಒಬ್ಬಳು ಮುದುಕಿ ಬರುತ್ತಿದ್ದಳಂತೆ.

“ಅವಳ ಹೊಲಿಗೆ ಒಂದೊಂದು ಕುದುರೆ ಹಲ್ಲಿನಷ್ಟು ಉದ್ದ! ಅವಳು ಮನೆಗೆ ಹೋದ್ಮೇಲೆ ನಾವು ಹುಡುಗೀರೆಲ್ಲ ಕೂತು ಬಿಚ್ಚಿ ಮತ್ತೆ ಹಾಕ್ತಿದ್ವಿ. ಪಾಪ, ಸಾಯೋವರೆಗೂ ಗೊತ್ತಾಗ್ಲಿಲ್ಲ. ನನ್ನಂಥ ಹೊಲಿಗೆ ಈ ಊರಲ್ಲೇ ಇಲ್ಲ ಅಂದ್ಕೊಂಡೇ ಹೋದ್ಲು.” ಅತ್ತೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಮರ್ಯಾದಸ್ಥ ಹೆಂಗಸರು ಮಾಡೋದೇ ಹಾಗೆ.”

ಮೇಜಿನ ಸುತ್ತ ನಗು ಹುಟ್ಟುವಷ್ಟರಲ್ಲೇ ಸತ್ತಿತು. ಮರ್ಲ್ ಎದ್ದು ಹೊರಗೆ ಹೋದ. ನನಗೆ ಕಾಫಿ ನೆತ್ತಿಗೇರಿತು. ಕಾರಿನಲ್ಲಿ ಟ್ವೈಲಾ ತುಂಬ ಹೊತ್ತು ಕಿಟಕಿ ನೋಡುತ್ತಿದ್ದಳು. ಸಾಕು, ನಿಲ್ಲಿಸುತ್ತೇನೆ ಅನ್ನುತ್ತಾಳೆ ಅಂದುಕೊಂಡೆ.

“ಕೇಳಿಸ್ಕೊಂಡ್ಯಾ?” ಅಂದಳು. “ಅತ್ತೆಯೇ ಮಾಡಿದಾರೆ. ಮರ್ಯಾದಸ್ಥರು ಮಾಡೋದೇ ಹಾಗೆ ಅಂತ ಅವರೇ ಹೇಳಿದ್ರು.”

ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂತ ನಂಬಿದ ಹೆಂಗಸಿನ ಜೊತೆ ವಾದ ಮಾಡುವುದು ಗಾಳಿಗೆ ಎದುರಾಗಿ ಹುಲ್ಲು ತೂರಿದ ಹಾಗೆ. ನಮ್ಮ ನೆಬ್ರಾಸ್ಕಾದ ಗಾಳಿ ನಿಮಗೆ ಗೊತ್ತಿಲ್ಲ. ನಾನು ರಸ್ತೆ ನೋಡಿಕೊಂಡು ಕಾರು ಓಡಿಸಿದೆ.

ಆದರೆ ಜುಲೈನಲ್ಲಿ ತಡೆಯಲಾಗಲಿಲ್ಲ. ಅತ್ತೆ ಅಂಗಡಿಯ ಮುಂದೆ ಪಿಕಪ್ ನಿಲ್ಲಿಸುವಾಗ ಮುಂದಿನ ಚಕ್ರ ಕಾಲುದಾರಿಯ ಮೇಲೆ ಹತ್ತಿ ಕೂತಿತ್ತು. ಒಳಗೆ ಬಂದವರೇ ಹೊಸ ಸ್ಕೇಲೂ ಬಗ್ಗಿದೆ, ಈಗಿನ ಪ್ಲಾಸ್ಟಿಕ್ಕಿಗೆ ಬೆಂಕಿ ಬೀಳ ಎಂದು ಆರ್ಡಿತ್‌ಳನ್ನು ಬೈದರು. ನಾನು ಬೆಂಚಿನ ಕಾನೂನು ಮುರಿದೆ.

“ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ,” ಅಂದೆ. “ಅತ್ತೆ, ಸ್ಕೇಲು ನೆಟ್ಟಗಿದೆ. ನಿಮ್ಮ ಚೌಕ ಡೊಂಕು. ಕಣ್ಣು ತೋರಿಸ್ಕೊಳ್ಳಿ.”

ಟ್ವೈಲಾ ಸುಡುವ ಹಾಗೆ ನೋಡಿದಳು. ಅತ್ತೆಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವರು ನನ್ನ ತೋಳು ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಹಿಂದಿನ ತಿಂಗಳ ಚೌಕ ಇಳಿಸಿ, ಮರದ ಚೌಕಟ್ಟಿಗೆ ತಟ್ಟಿ ಕೂರಿಸಿದರು.

“ಎಲ್ಲಪ್ಪ ಡೊಂಕು? ಬೆರಳಿಟ್ಟು ತೋರ್ಸು.”

ತೋರಿಸಲು ಏನೂ ಇರಲಿಲ್ಲ. ಟ್ವೈಲಾಳ ಹೊಲಿಗೆ ನೂಲು ಹಿಡಿದ ಹಾಗಿತ್ತು.

“ಟಪಾಲು ಹಂಚೋನಿಗೆ ಬಟ್ಟೆ ವಿಷಯ ಯಾಕೆ?” ಅಂದರು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನನ್ನ ಹೆಂಡತಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಲ್ಲಿ ಒದೆಯುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ.

ಆಗಸ್ಟ್‌ನಲ್ಲಿ ಹುಲ್ಡಾಳ ಕಥೆ ಬಂತು. ಅವತ್ತು ಆರ್ಡಿತ್ ಓದಲಿಲ್ಲ, ಅತ್ತೆಯೇ ಹೇಳಿದರು. ಹುಲ್ಡಾಳ ಗಂಡ ರೈಲ್ವೆ ಕೆಲಸಕ್ಕೆ ಅಂತ ಹೋದವನು ತಿರುಗಿ ಬರಲಿಲ್ಲ. ಸತ್ತನೋ ಓಡಿಹೋದನೋ, ಮನೆಯವರು ಸತ್ತ ಅಂತಲೇ ಹೇಳುತ್ತಿದ್ದರು. ಹುಲ್ಲಿನ ಬೇರು ಸಮೇತ ನೆಲವನ್ನು ಹೆಂಟೆಯಾಗಿ ಕಿತ್ತು ಪೇರಿಸಿ ಕಟ್ಟಿದ ಮನೆ, ಮಳೆ ಬಂದರೆ ಸೂರಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಭೂಮಿ ತನ್ನದಾಗಬೇಕಾದರೆ ಐದು ವರ್ಷ ಅಲ್ಲೇ ಬದುಕಿ ಬೆಳೆ ತೆಗೆಯಬೇಕು, ಅದು ಸರ್ಕಾರದ ಷರತ್ತು. ಮೂರನೇ ವರ್ಷ ಮಿಡತೆ ಬಂತು. ಜೋಳ ತಿಂದಿತು, ಈರುಳ್ಳಿಯನ್ನು ನೆಲದೊಳಗಿನಿಂದ ತಿಂದಿತು, ಗುದ್ದಲಿಯ ಹಿಡಿಗೆ ಅಂಟಿದ ಬೆವರಿನ ಉಪ್ಪಿಗೆ ಹಿಡಿಯನ್ನೇ ಕೆರೆಯಿತು, ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳನ್ನೆಲ್ಲ ತಿಂದಿತು. ಹುಲ್ಡಾಳಿಗೆ ಉಳಿದದ್ದು ಮೈಮೇಲಿದ್ದ ನೀಲಿ ಲಂಗ ಒಂದೇ. ನೆರೆಯವರೆಲ್ಲ ಬಂಡಿ ತಿರುಗಿಸಿಕೊಂಡು ಹೋದರು. ಅವಳು ಹೋಗಲಿಲ್ಲ.

“ಯಾಕೆ ಹೋಗ್ಲಿಲ್ಲ ಅಂತ ನಮ್ಮಮ್ಮ ಕೇಳಿದ್ಲಂತೆ,” ಅಂದರು ಅತ್ತೆ. “‘ಇನ್ನೊಂದು ಲಂಗ ಇದ್ದಿದ್ರೆ ಹೋಗ್ತಿದ್ದೆ’ ಅಂದ್ಲಂತೆ.”

ಅತ್ತೆ ಚೀಲದಿಂದ ಆ ನೀಲಿ ತುಂಡನ್ನು ತೆಗೆದು ಮೇಜಿನ ಸುತ್ತ ಕಳಿಸಿದರು. ಬೆಂಚಿಗೂ ಬಂತು. ಒಗೆದು ಒಗೆದು ನವೆದು, ಬೆಕ್ಕಿನ ಕಿವಿಯಷ್ಟು ಮೆತ್ತಗಿತ್ತು. ಮರ್ಲ್ ಅದನ್ನು ಹಿಂದಿರುಗಿಸುವ ಮೊದಲು ಕೈ ಒರೆಸಿಕೊಂಡ.

ಸೆಪ್ಟೆಂಬರಿನಲ್ಲಿ ಅತ್ತೆ ಹುಲ್ಡಾಳ ಚೌಕ ತಂದರು. ಅದನ್ನು ಮೆಷಿನ್ನಿನಲ್ಲಿ ಹೊಲಿದಿರಲಿಲ್ಲ, ಕೈಯಿಂದಲೇ ಹೊಲಿದಿದ್ದರು. ಅಷ್ಟು ಡೊಂಕಾದ ಚೌಕ ಅವರಿಂದ ಅಲ್ಲಿಯವರೆಗೂ ಬಂದಿರಲಿಲ್ಲ. ಎತ್ತಿ ಹಿಡಿದಾಗ ಮುಖದಲ್ಲಿ ಹೇಳಲಾರದಷ್ಟು ಸಂತೋಷ. ಈ ಸಲ ಹೆಂಗಸರು ನಿಜವಾಗಿಯೂ ಚಪ್ಪಾಳೆ ತಟ್ಟಿದರು.

“ಇದನ್ನ ಮುಟ್ಟಬೇಡ,” ಎಂದು ನಾನು ಮನೆಯಲ್ಲಿ ಟ್ವೈಲಾಗೆ ಹೇಳಿದೆ. “ಅತ್ತೆ ಯಾರೂ ಕೈ ಹಾಕ್ಬಾರ್ದು ಅಂದಿದಾರೆ.”

“ಮುಟ್ಟದಿದ್ರೆ ಅಕ್ಟೋಬರಲ್ಲಿ ಅದು ಚೌಕಟ್ಟಲ್ಲಿ ಕೂರಲ್ಲ. ಎಲ್ಲಾರ ಮುಂದೆ, ಅದೂ ಹುಲ್ಡಾಳ ಚೌಕವೇ ಕೂರ್ಲಿಲ್ಲ ಅಂದ್ರೆ ಅವರ ಗತಿ ಏನು ಯೋಚ್ನೆ ಮಾಡು.”

ಅವಳು ಬಿಚ್ಚಿದಳು. ಬಿಚ್ಚಿದ ಮೇಲೆ ಗೊತ್ತಾಯಿತು, ಹುಲ್ಡಾಳ ನೀಲಿ ತುಂಡುಗಳನ್ನು ಅತ್ತೆ ಕತ್ತರಿಸುವಾಗಲೇ ಸೊಟ್ಟಗೆ, ಗಿಡ್ಡಗೆ ಕತ್ತರಿಸಿದ್ದರು. ಹೇಗೆ ತಿರುಗಿಸಿದರೂ ಅಳತೆಗೆ ಬರುವಂತಿರಲಿಲ್ಲ. ಬೇರೆ ತುಂಡು ಪ್ರಪಂಚದಲ್ಲಿ ಇರಲಿಲ್ಲ. ಗಿಡ್ಡ ಚೌಕಕ್ಕೆ ಸುತ್ತ ಒಂದು ಪಟ್ಟಿ ಕೊಟ್ಟು ಅಳತೆಗೆ ತರುವ ಉಪಾಯ ಟ್ವೈಲಾಗೆ ಗೊತ್ತಿತ್ತು. ಆದರೆ ಪಟ್ಟಿ ಇಲ್ಲದ ಚೌಕಕ್ಕೆ ಪಟ್ಟಿ ಎಲ್ಲಿಂದ ಬಂತು ಎಂದು ಅತ್ತೆಗೆ ಹೇಳಬೇಕಾಗುತ್ತಿತ್ತಲ್ಲ. ಅಂಗಡಿಯ ನೀಲಿಗಳನ್ನೆಲ್ಲ ಮನೆಗೆ ತಂದು ಹಗಲು ಬೆಳಕಿನಲ್ಲಿ ಹೋಲಿಸಿ, ಕೊನೆಗೆ ಒಂದನ್ನು ಆರಿಸಿದಳು. ಕಣ್ಣಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹುಲ್ಡಾಳ ತುಂಡುಗಳನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. ಮುಚ್ಚುವಾಗ ನನ್ನ ಮುಖ ನೋಡಲಿಲ್ಲ.

ಅಕ್ಟೋಬರಿನ ಮೊದಲ ಶನಿವಾರ ಅತ್ತೆ ಯಾರನ್ನೂ ಮಾತಾಡಿಸದೆ ನೇರ ಗೋಡೆಯ ಹತ್ತಿರ ಹೋದರು. ಒಂದು ತಿಂಗಳು ಕಾಣದ ಮೊಮ್ಮಗುವಿನ ಕೆನ್ನೆ ಸವರುವ ಹಾಗೆ ಬೆರಳನ್ನು ನೀಲಿಯ ಮೇಲೆ ಇಟ್ಟರು. ಇಟ್ಟ ಬೆರಳು ನಿಂತುಬಿಟ್ಟಿತು. ಮತ್ತೆ ಸವರಿದರು. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಬೆರಳಿಗೆ ಕಾಗದದ ಹಾಗೆ ಗರಗರ ಅನ್ನುತ್ತದೆ.

“ಇದು ನಮ್ಮಜ್ಜಿ ಬಟ್ಟೆ ಅಲ್ಲ,” ಅಂದರು.

ಅತ್ತೆ ತಿರುಗಿದರು. ಅವರು ಎದುರಿಗಿದ್ದವರನ್ನು ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದಾರೆ ಎಂಬುದನ್ನು ಆಗಲೇ ನಾನು ಗಮನಿಸಿದ್ದು.

“ಯಾರು?”

ಟ್ವೈಲಾ ಎದ್ದು ನಿಂತಳು. ಶಾಲೆಯ ಹುಡುಗಿಯ ಹಾಗೆ ಕೈ ಎರಡೂ ಬದಿಗೆ ಬಿಟ್ಟಿದ್ದಳು. “ನಾನು ಅತ್ತೆ. ಸ್ವಲ್ಪ... ಸ್ವಲ್ಪ ಅಳತೆ ಕಮ್ಮಿ ಇತ್ತು. ನಿಮ್ಮ ಬಟ್ಟೆ ಜೋಪಾನವಾಗಿದೆ, ಡಬ್ಬೀಲಿದೆ.”

“ಸುತ್ತ ಪಟ್ಟಿ ಕೊಟ್ಟಿದ್ರೆ ಆಗ್ತಿತ್ತಲ್ಲೇ. ನಾನೇ ಕಲಿಸಿದ್ನಲ್ಲ.”

ಅತ್ತ ಆರ್ಡಿತ್ ಬಟ್ಟೆಯ ಸುರುಳಿಗಳ ಹಿಂದೆ ಮರೆಯಾಗಲು ನೋಡುತ್ತಿದ್ದಳು. ಅತ್ತೆಯ ತಲೆಯಲ್ಲಿ ಏನೋ ಒಂದೊಂದಾಗಿ ಜೋಡಿಸಿಕೊಳ್ಳುತ್ತಿತ್ತು.

“ಇದೊಂದೇನಾ? ಇಲ್ಲ ಬೇರೆವೂ ಉಂಟಾ?”

“ಏಪ್ರಿಲ್ಲಿಂದ,” ಅಂದಳು ಟ್ವೈಲಾ.

ಬೈಗುಳಕ್ಕೆ ಎಲ್ಲರೂ ಸಿದ್ಧರಾಗಿದ್ದರು. ಅತ್ತೆ ಬೈಯಲಿಲ್ಲ. ತಮ್ಮ ಚೀಲದಲ್ಲಿದ್ದ ಸ್ಕೇಲನ್ನು ಕೈಗೆತ್ತಿಕೊಂಡು, ಮೇಜಿನ ಹಲಗೆಗೆ ಅಂಚನ್ನು ಒತ್ತಿ, ಬೆರಳಿನಿಂದ ಉದ್ದಕ್ಕೂ ಸವರಿದರು. ಎಲ್ಲೂ ಸಂದು ಸಿಗಲಿಲ್ಲ.

“ಹಾಗಾದ್ರೆ ಇದು ಬಗ್ಗೇ ಇರ್ಲಿಲ್ಲ,” ಅಂದರು ಮೆಲ್ಲಗೆ. “ಗೆರೆ ನಿಜವಾಗ್ಲೂ ನನ್ನ ಕಣ್ಣಲ್ಲೇ ತೇಲ್ತಾ ಇತ್ತು.”

ಆರು ತಿಂಗಳು ಆ ಮುದುಕಿ ಗೋಡೆಯನ್ನು ನಂಬಿ ತಮ್ಮ ಕಣ್ಣನ್ನು ಬಿಟ್ಟಿದ್ದರು. ಗೋಡೆ ನೆಟ್ಟಗಿದೆ, ಆದ್ದರಿಂದ ಕಣ್ಣೂ ಸರಿಯಿದೆ.

ಟ್ವೈಲಾ ಅಳುತ್ತ ಹತ್ತಿರ ಬಂದಳು. “ನಾನೇ ಕರ್ಕೊಂಡು ಹೋಗ್ತೀನಿ ಅತ್ತೆ, ಸೋಮವಾರವೇ. ಏನೂ ಆಗಿರಲ್ಲ, ಕನ್ನಡಕ ಬದಲಾಯಿಸಿದ್ರೆ ಎಲ್ಲಾ ಸರಿಹೋಗುತ್ತೆ.”

“ನೀನು ಬೇಡ,” ಅಂದರು ಅತ್ತೆ. ದನಿ ಎತ್ತರಿಸಲಿಲ್ಲ. “ನಿನ್ನ ಗಂಡ ಬರ್ಲಿ. ಅವನಿಗೆ ಒಳ್ಳೆ ಮಾತು ಆಡೋಕೆ ಬರಲ್ಲ.”

ಸೋಮವಾರ ಕರ್ನಿಗೆ ಹೋದೆವು. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಚಿತ್ರ ತೆಗೆದು, ಕೊನೆಗೆ ಚೌಕಳಿಯ ಕಾಗದವೊಂದನ್ನು ಕೈಗೆ ಕೊಟ್ಟರು. ಅಡ್ಡಗೆರೆ, ಉದ್ದಗೆರೆ, ನಡುವೆ ಒಂದು ಚುಕ್ಕೆ. ಗೆರೆಗಳು ನೆಟ್ಟಗೆ ಕಾಣುತ್ತವಾ ಎಂದು ಕೇಳಿದರು.

“ಇಲ್ಲ. ಎಡಗಣ್ಣಿಗೆ ಅಲ್ಲಲ್ಲಿ ಅಲೆ ಥರ. ಬಲಗಣ್ಣಿಗೆ ನಡುವೆ ಏನೂ ಇಲ್ಲ, ಬರೀ ಬೂದಿ.”

“ಯಾವಾಗಿಂದ?”

“ಬಲಗಣ್ಣಲ್ಲಿ ಮೊದಲು ಅಲೆ ಶುರುವಾಗಿದ್ದು ಮಾರ್ಚ್ ಕೊನೇಲಿ.”

“ಆಗಲೇ ಯಾಕೆ ಬರ್ಲಿಲ್ಲ ಅಮ್ಮ?”

ಅತ್ತೆ ಕಾಗದವನ್ನು ಡಾಕ್ಟರಿಗೆ ವಾಪಸು ಕೊಟ್ಟರು. “ನನ್ನ ಹೊಲಿಗೆ ನೆಟ್ಟಗಿತ್ತು,” ಅಂದರು.

ಡಾಕ್ಟರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಕಣ್ಣಿನ ಹಿಂಭಾಗದಲ್ಲಿ ರಕ್ತನಾಳ ಸೋರುವ ರೋಗವಂತೆ. ಮೊದಲ ವಾರಗಳಲ್ಲಿ ಬಂದರೆ ಸೂಜಿಮದ್ದು ಕೊಟ್ಟು ತಡೆಯಬಹುದಂತೆ. ಬಲಗಣ್ಣಲ್ಲಿ ಈಗ ಕಲೆ ಕಟ್ಟಿಹೋಗಿದೆ, ಇನ್ನು ಏನು ಮಾಡಿದರೂ ಬಾರದು. ಎಡಗಣ್ಣಿನಲ್ಲಿ ಈಗ ಶುರುವಾಗಿದೆ, ತಿಂಗಳು ತಿಂಗಳೂ ಸೂಜಿ ಹಾಕಿಸಿಕೊಂಡರೆ ಉಳಿಯಬಹುದು, ಪೂರ್ತಿ ಅಲ್ಲ. ಗಾಡಿ ಓಡಿಸುವ ಹಾಗಿಲ್ಲ.

ಮೊದಲ ಸೂಜಿ ಅವತ್ತೇ ಆಯಿತು, ವಾಪಸು ಬರುವಾಗ ಅತ್ತೆಯ ಎಡಗಣ್ಣಿಗೆ ಪಟ್ಟಿ ಇತ್ತು. ಪ್ಲಾಟ್ ನದಿ ದಾಟಿದ ಮೇಲೆ ಅವರೇ, “ತಿಂಗಳಿಗೊಂದು ಚೌಕ, ತಿಂಗಳಿಗೊಂದು ಸೂಜಿ,” ಎಂದು ನಕ್ಕರು. ಸ್ವಲ್ಪ ಮುಂದೆ ಹೋದ ಮೇಲೆ ಕೇಳಿದರು: “ಏಪ್ರಿಲ್ಲಲ್ಲಿ ಬಂದಿದ್ರೆ ಬಲಗಣ್ಣು ಉಳೀತಿತ್ತು. ಅಲ್ವಾ?”

“ಹೌದು ಅತ್ತೆ.”

“ಹ್ಞೂಂ,” ಅಂದರು. ನಾನು ಒಂದು ಸಮಾಧಾನದ ಮಾತು ಹುಡುಕಿದೆ, ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು.

ಡಬ್ಬಿಯನ್ನು ನಾನೇ ಅವರ ಮನೆಗೆ ತಲುಪಿಸಿದೆ. ನವೆಂಬರ್ ಶನಿವಾರ ಅತ್ತೆ ಬರಲಿಲ್ಲ. ಟ್ವೈಲಾ ಊಟ ಕಡಿಮೆ ಮಾಡಿದಳು, ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿಟ್ಟಳು. ಎರಡು ಸಲ ಅತ್ತೆಗೆ ಫೋನು ಮಾಡಿದಳು. ಅತ್ತೆ ಮಾತಾಡಿದರು, ಹವಾಮಾನದ ಬಗ್ಗೆ. ಅವಳ ಮೇಲೆ ನನಗೆ ಸಿಟ್ಟೂ ಇತ್ತು, ಕನಿಕರವೂ ಇತ್ತು.

ಡಿಸೆಂಬರ್ ಕೊನೆಯ ಶನಿವಾರ ಕೌದಿ ಜೋಡಿಸುವ ದಿನ. ಅತ್ತೆಯನ್ನು ನಾನು ಕರೆತಂದೆ. ಎಲ್ಲರೂ ತಂತಮ್ಮ ಹನ್ನೆರಡು ಚೌಕಗಳನ್ನು ಹರಡಿದ್ದರು. ಅತ್ತೆ ಚೀಲದಿಂದ ಮೊದಲು ಒಂದು ಕಟ್ಟು ತೆಗೆದು ಟ್ವೈಲಾಳ ಮುಂದೆ ಇಟ್ಟರು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ನೆಟ್ಟಗಿನ ಚೌಕಗಳು.

“ಇವು ನಿನ್ನವು. ಚೆನ್ನಾಗಿವೆ.”

ಆಮೇಲೆ ಇನ್ನೊಂದನ್ನು ತೆಗೆದರು. ಹುಲ್ಡಾಳ ಚೌಕ. ಡಬ್ಬಿಯಲ್ಲಿದ್ದ ತುಂಡುಗಳನ್ನು ಒಂದೂವರೆ ಕಣ್ಣಿನಲ್ಲೂ ಅಲ್ಲ, ಅರ್ಧ ಕಣ್ಣಿನಲ್ಲಿ, ಬೆರಳಿನ ಅಂದಾಜಿನಲ್ಲಿ ಕೈಯಿಂದ ಹೊಲಿದಿದ್ದರು. ಸುತ್ತ ಅಗಲವಾದ ಬಿಳಿ ಪಟ್ಟಿ ಕೊಟ್ಟಿದ್ದರು. ಅದನ್ನು ಎತ್ತಿ ಹಿಡಿಯಲಿಲ್ಲ, ಮೇಜಿನ ಮೇಲೆ ಇಟ್ಟು ಟ್ವೈಲಾಳ ಕಡೆ ತಳ್ಳಿದರು.

“ಹೇಗಿದೆ?”

ಟ್ವೈಲಾಳ ಕಣ್ಣು ತುಂಬಿತು. “ತುಂಬಾ...” ಅಂದಳು.

“ಅಳೋದು ಆಮೇಲೆ. ಅಳತೆ ಹೇಳು.”

ಟ್ವೈಲಾ ಸ್ಕೇಲ್ ತೆಗೆದುಕೊಂಡಳು. ಬೆಂಚಿನ ಮೇಲೆ ಮರ್ಲ್ ಲೋಟ ಕೆಳಗಿಟ್ಟ.

“ಎಡಗಡೆ ಅರ್ಧ ಇಂಚು ಜಾಸ್ತಿ,” ಅಂದಳು. “ಮೇಲ್ಗಡೆ ಕಾಲು ಇಂಚು ಕಮ್ಮಿ.”

“ಇನ್ನೂ?”

“ಎರಡು ಮೂತಿ ಒಳಗೆ ಹೋಗಿವೆ. ನಡುವಿನ ಹೊಲಿಗೆ...” ಟ್ವೈಲಾ ನಿಲ್ಲಿಸಿದಳು.

“ಹೇಳೇ.”

“ನಡುವಿನ ಹೊಲಿಗೆ ಡೊಂಕು, ಅತ್ತೆ. ಕೊನೇಲಿ ಹಿಡಿತಾನೂ ಇಲ್ಲ. ಬಿಟ್ಟುಕೊಂಡಿದೆ.”

“ಎಲ್ಲಿ?”

ಟ್ವೈಲಾ ಅತ್ತೆಯ ತೋರುಬೆರಳನ್ನು ಹಿಡಿದು, ಹೊಲಿಗೆ ಬಿಟ್ಟ ಜಾಗದ ಮೇಲೆ ಇಟ್ಟಳು. ಅತ್ತೆ ಅಲ್ಲಿ ಉಗುರಿನಿಂದ ಒಮ್ಮೆ ಮೀಟಿ ನೋಡಿದರು.

“ಬಿಚ್ಚಬೇಕಾ?”

“ಇರ್ಲಿ ಬಿಡಿ ಅತ್ತೆ,” ಅಂದಳು ಆರ್ಡಿತ್. “ಯಾರಿಗೆ ಕಾಣುತ್ತೆ ಅದು? ಹಾಗೇ ಚೆನ್ನಾಗಿ...”

ಅತ್ತೆ ಅವಳ ಕಡೆ ತಿರುಗಲೂ ಇಲ್ಲ. ಟ್ವೈಲಾಳ ದನಿ ಬರುವ ಕಡೆಗೇ ಮುಖ ಇಟ್ಟು ಕಾಯುತ್ತಿದ್ದರು. ಆ ಅಂಗಡಿಯಲ್ಲಿ ಅಷ್ಟು ವರ್ಷ ಕೂತಿದ್ದರೂ ನನ್ನ ಹೆಂಡತಿ ಅಷ್ಟು ಕಷ್ಟಪಟ್ಟು ಒಂದು ಮಾತು ಆಡಿದ್ದನ್ನು ನಾನು ಕಂಡಿಲ್ಲ.

“ಬಿಚ್ಚಬೇಕು,” ಅಂದಳು ಟ್ವೈಲಾ.

“ಸರಿ. ಕೊಕ್ಕೆ ಕೊಡು,” ಅಂದರು ಅತ್ತೆ. “ನಾನೇ ಬಿಚ್ತೀನಿ. ನೀನು ಪಕ್ಕದಲ್ಲಿ ಕೂತು ನೋಡ್ತಾ ಇರು, ತಪ್ಪಿದ್ರೆ ಹೇಳು.”

ಟ್ವೈಲಾ ಕುರ್ಚಿ ಎಳೆದುಕೊಂಡು ಅವರ ಬಲಗಡೆ, ಕಾಣದ ಕಣ್ಣಿನ ಕಡೆ ಕೂತಳು. ಮಧ್ಯಾಹ್ನವೆಲ್ಲ ಅವಳು “ತಪ್ಪಿತು”, “ಇನ್ನೂ ಎಡಕ್ಕೆ”, “ಅಲ್ಲಲ್ಲ” ಅನ್ನುತ್ತಲೇ ಇದ್ದಳು. ಒಂದು ಸಲವೂ ಚೆನ್ನಾಗಿದೆ ಅನ್ನಲಿಲ್ಲ.